ಮಿಲಿಟ್ರಿ ಗುಡ್ಡೆಯ ಬುಡದ ಬಾವಿ

ಮೊನ್ನೆ ಮಡಂತ್ಯಾರಿನಿಂದ ಬರುವ ಬಸ್ಸಿನಲ್ಲಿ ಒಬ್ಬ ಡೀಸೆಲ್ ಕ್ಯಾನ್ ತಂದು ನನ್ನ ಕಾಲ ಬುಡದಲ್ಲೇ ಇಟ್ಟ. ಮುಚ್ಚಳ ಸಡಿಲ ಇತ್ತು, ಸ್ವಲ್ಪ ಕಾಲಿಗೂ ತುಳುಕಿತು. ವಾಸನೆ ಮೂಗಿಗೆ ಬಡಿಯಿತು. ಉಳಿದವರಿಗೆ ಅದು ಬರೇ ಡೀಸೆಲ್, ನನಗೆ ಮಾತ್ರ ಕೆಳಮನೆಯ ಉಮ್ಮನ ಬಾವಿ... ಪುಂಜಾಲಕಟ್ಟೆಯಲ್ಲಿ ಇಳಿಯುವವರೆಗೆ ಸೆರಗನ್ನು ಮೂಗಿಗೆ ಹಿಡಿದೇ ಕೂತೆ.

ತೊಂಬತ್ತರ ದಶಕದ ಮೊದಲಿಗೆ ನಾನು ಮದುವೆಯಾಗಿ ಈ ಮನೆಗೆ ಬಂದಾಗ ಆ ಬಾವಿಯ ನೀರು ಚೆನ್ನಾಗಿಯೇ ಇತ್ತು. ನಮ್ಮ ಮನೆ ದಾರಿಯ ಮೇಲ್ಬದಿಗೆ, ಉಮ್ಮನದ್ದು ಮಿಲಿಟ್ರಿ ಗುಡ್ಡೆಯ ಸರೀ ಬುಡದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದವರು ಆ ಗುಡ್ಡೆಯಲ್ಲಿ ಡೀಸೆಲ್, ದೀಪದ ಚಿಮಿಣಿ ಎಣ್ಣೆಯ ದಾಸ್ತಾನು ಇಟ್ಟಿದ್ದರಂತೆ. ಬಿಟ್ಟು ಹೋಗುವಾಗ ಉಳಿದ ಡ್ರಮ್ಮುಗಳನ್ನು ಅಲ್ಲೇ ಹೂತು ಹೋದರು. ಊರಿನ ಹಿರಿಯರಿಗೆಲ್ಲ ಇದು ಗೊತ್ತಿತ್ತು, ಒಬ್ಬರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಯಾರೋ ಅಲ್ಲಿ ರಬ್ಬರ್ ಹಾಕಲು ಜೆಸಿಬಿ ಇಳಿಸಿದರು. ತುಕ್ಕು ಹಿಡಿದ ಡ್ರಮ್ಮುಗಳು ಒಡೆದವು. ಒಡೆದದ್ದರ ಮೇಲೆಯೇ ಮಣ್ಣು ಎಳೆದು ರಬ್ಬರ್ ಗಿಡ ನೆಟ್ಟರು. ಇಲ್ಲಿಯ ನೆಲವೋ ತೂತು ತೂತಿನ ಮುರಕಲ್ಲು, ಎಣ್ಣೆ ಇಳಿಯಲು ದಾರಿ ಹುಡುಕಬೇಕಾ? ಮುಂದಿನ ಮಳೆಗಾಲಕ್ಕೆ ಉಮ್ಮನ ಬಾವಿಯಲ್ಲಿ ಚಿಮಿಣಿ ಎಣ್ಣೆಯ ನಾತ.

ಉಮ್ಮ ಎಂದರೆ ಬ್ಯಾರಿಗಳಲ್ಲಿ ಅಮ್ಮ, ನಾವೂ ಹಾಗೆಯೇ ಕರೆಯುತ್ತಿದ್ದೆವು; ಅವರು ಮಗಳು, ಅಳಿಯ, ಮೊಮ್ಮಕ್ಕಳೊಂದಿಗೆ ಇದ್ದವರು. ಬಾಯಿ ಸ್ವಲ್ಪ ಜೋರು, ಆದರೆ ನಾನು ಬಾಣಂತಿಯಾಗಿದ್ದಾಗ ನನ್ನ ಮಗುವನ್ನು ಮೀಯಿಸಿದ ಕೈ ಅವರದ್ದು. ನೀರಿನ ಗೊಂದಲ ಶುರುವಾದಾಗ ಅವರು ಮೊದಲು ಕರೆದದ್ದು ಮದ್ರಸದ ಉಸ್ತಾದರನ್ನು. ಉಸ್ತಾದರು ಅಂಗೈಯಲ್ಲಿ ನೀರು ಹಿಡಿದು ಮೂಸಿ ನೋಡಿದರು. ಬಣ್ಣ, ರುಚಿ, ವಾಸನೆ ಕೆಟ್ಟ ನೀರು ನಮಾಜಿನ ಮೊದಲಿನ ವುಳುವಿಗೆ, ಅಂದರೆ ಕೈಕಾಲು ಮುಖ ತೊಳೆದು ಶುದ್ಧವಾಗಲಿಕ್ಕೆ, ಆಗುವುದಿಲ್ಲ ಎಂದು ಹೇಳಿ ಹೋದರು. ಅಂದಿನಿಂದ ಉಮ್ಮ ನಮ್ಮ ಬಾವಿಗೆ ಬಂದು, ನಾನು ತುಂಬಿಸಿ ಕಟ್ಟೆಯ ಮೇಲೆ ಇಟ್ಟ ಕೊಡಪಾನದಲ್ಲಿ ನೀರು ಹೊತ್ತರು. ಕುಡಿಯುವುದಕ್ಕೂ ಅದೇ. ಮೀಯಲು ಒಗೆಯಲು ಮಾತ್ರ ತಮ್ಮ ಬಾವಿಯದ್ದು. ಮೊಮ್ಮಕ್ಕಳನ್ನು ಎತ್ತಿಕೊಂಡರೆ ಕೂದಲಿನಲ್ಲೂ ಚಿಮಿಣಿ ಎಣ್ಣೆ.

ಅವರಿಗೆ ಬೇಕಾದದ್ದು ಅಂಗಳದಲ್ಲಿ ಒಂದು ನಲ್ಲಿ. ಬಾವಿಯ ನೀರು ಪರೀಕ್ಷೆಯಲ್ಲಿ ಹಾಳೆಂದು ಬಂದರೆ ಮಾತ್ರ ಆ ಕಡೆಗೆ ಪೈಪ್ ಎಳೆಯುತ್ತೇವೆ ಎಂದರು ಪಂಚಾಯತಿಯವರು. ನೀರು ಪರೀಕ್ಷೆಯ ಆಫೀಸಿನವರು ವರ್ಷಕ್ಕೊಮ್ಮೆ ಬಂದು ಗುಡ್ಡೆಯ ಸುತ್ತಲಿನ ಬಾವಿಗಳ ಮೇಲೆ ನಿಗಾ ಇಡುತ್ತಾರಂತೆ.

ಮಂಗಳೂರಿನಿಂದ ಸಾಹೇಬರು ಬರುವ ಸುದ್ದಿ ಸಿಕ್ಕಿದ್ದೇ ಪಂಚಾಯತಿಯ ಮೆಂಬರ್ ಪಂಪು, ಜನ ಕಳಿಸಿದ. ಸಾಹೇಬರು ಬರುವಾಗ ಬಾವಿ ಗಲೀಜಾಗಿದ್ದರೆ ಊರಿನ ಮರ್ಯಾದೆ ಏನಾಗಬೇಕು! ಬಾವಿ ಖಾಲಿ ಮಾಡಿ, ಕೆಸರು ತೆಗೆದು, ಕಲ್ಲು ತಿಕ್ಕಿ, ಬ್ಲೀಚಿಂಗ್ ಪೌಡರ್ ಸುರಿದು, ಕಟ್ಟೆಗೆ ಸುಣ್ಣ ಬಳಿದರು. ಉಮ್ಮನಿಗೂ ಖುಷಿಯೇ, ನೆಂಟರು ಬರುವ ಮನೆಯ ಹಾಗೆ ಅಂಗಳ ಗುಡಿಸಿದರು. ತೋರಿಸಬೇಕಾದ ಕೊಳೆಯನ್ನು ನಮ್ಮವರೇ ತಮ್ಮ ಕೈಯಾರೆ ತೊಳೆದುಬಿಟ್ಟರು.

ಸಾಹೇಬರು ಹೊಸ ಊಟೆಯ ನೀರನ್ನು ಬಾಟಲಿಗೆ ತುಂಬಿಸಿದರು. ಉಮ್ಮ ನಮ್ಮ ಕಡೆಯ ಕ್ರಮದಂತೆ ಬೆಲ್ಲ, ನೀರು ಇಟ್ಟರು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡರು. ನೀರಿನ ಚೆಂಬು ಮುಟ್ಟಲಿಲ್ಲ. ಜೀಪಿನಿಂದ ಮುಚ್ಚಳ ಒಡೆಯದ ಬಾಟಲಿ ತರಿಸಿ ಕುಡಿದರು. ಉಮ್ಮ ಕೊಟ್ಟದ್ದು ನಮ್ಮ ಬಾವಿಯ ಒಳ್ಳೆಯ ನೀರು, ಅದು ಅವರಿಗೆ ಹೇಗೆ ಗೊತ್ತು? ಕೆಲವು ವಾರ ಕಳೆದು ಒಬ್ಬ ಬಂದು ಬಾವಿಕಟ್ಟೆಯ ಹೊಸ ಸುಣ್ಣದ ಮೇಲೆ ನೀಲಿ ಬಣ್ಣದಲ್ಲಿ ಬರೆದು ಹೋದ: ಕುಡಿಯಲು ಯೋಗ್ಯ. ಅಷ್ಟರಲ್ಲಿ ನಾತ ಪುನಃ ಮೊದಲಿನಂತೆಯೇ ಬಂದಾಗಿತ್ತು. ಥೂ, ಈಗ ಹೇಳುವಾಗಲೂ ನನಗೆ ಬಾಯಿ ಕಹಿಯಾಗುತ್ತದೆ.

ಮರುವರ್ಷ ಮೆಂಬರ್‌ನ ಪಂಪು ಬಂದಾಗ ಉಮ್ಮ ಬಾವಿಕಟ್ಟೆಯಲ್ಲಿ ಕೂತುಬಿಟ್ಟರು. ಬಾವಿಗೆ ಪೈಪ್ ಇಳಿಸುವುದಾದರೆ ಮೊದಲು ನನ್ನನ್ನು ಇಳಿಸಿ ಎಂದರು. ಮೆಂಬರ್ ಬೈದುಕೊಂಡು ಹೋದ. ಈ ಸಲ ಸಾಹೇಬರು ತುಂಬಿಸಿದ ಬಾಟಲಿಯಲ್ಲಿ ಎಣ್ಣೆಯ ಪೊರೆ ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು. ತುಂಬಿಸುವವನೇ ಮುಖ ಆಚೆ ತಿರುಗಿಸಿದ. ಇನ್ನು ನಲ್ಲಿ ಬಂದ ಹಾಗೆಯೇ ಎಂದು ನಾವು ಮಾತಾಡಿಕೊಂಡೆವು.

ಬಂದ ಉತ್ತರ ಅದೇ. ಕುಡಿಯಲು ಯೋಗ್ಯ. ಅಳಿಯ ಆಫೀಸಿಗೆ ಹೋಗಿ ಕೇಳಿದರೆ, ನಾವು ನೋಡುವುದು ರೋಗದ ಕ್ರಿಮಿ ಮಾತ್ರ, ಎಣ್ಣೆ ನಮ್ಮ ಪರೀಕ್ಷೆಯಲ್ಲಿ ಇಲ್ಲ ಎಂದರಂತೆ. ಹಳೆ ಎಣ್ಣೆ ದಾಸ್ತಾನಿನ ಬುಡಕ್ಕೆ ಬಂದು, ಎಣ್ಣೆಯೊಂದನ್ನು ಬಿಟ್ಟು ಬೇರೆ ಹುಡುಕಿದ ಪುಣ್ಯಾತ್ಮರು!

ಆ ಸಂಜೆ ಉಮ್ಮ ನಮ್ಮ ಬಾವಿಯ ಹತ್ತಿರ ಕೊಡಪಾನ ಇಟ್ಟರು.

"ಕ್ರಿಮಿಗೂ ಬೇಡದ ನೀರು ನಮಗೆ ಆಗ್ತದಂತೆ ಮಗಳೇ," ಎಂದರು. ಆಮೇಲೆ, "ನಾನು ಸತ್ತರೆ ನನ್ನ ಮೈಗೆ ಆ ನೀರು ಹಾಕಲಿಕ್ಕೆ ಬಿಡಬೇಡ."

ನಾನು ಹೂಂ ಎಂದೆ.

ನಲ್ಲಿಗೆ ಕಾಯುತ್ತಲೇ ಉಮ್ಮ ಎರಡು ಸಾವಿರದ ದಶಕದ ನಡುವೆ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಮಯ್ಯಿತ್, ಅಂದರೆ ತೀರಿಕೊಂಡವರ ದೇಹ, ಮೀಯಿಸಲು ಹೆಂಗಸರು ಸೇರುವಾಗ ಯಾರೋ ಅವಸರದಲ್ಲಿ ಆ ಬಾವಿಗೇ ಹಗ್ಗ ಬಿಟ್ಟಿದ್ದರು. ನಾನು ಓಡಿಹೋಗಿ ಕೊಡಪಾನ ಕಿತ್ತುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿದೆ. ಬಳಿಕ ನನ್ನ ಗಂಡ ಮತ್ತು ಅವರ ಅಳಿಯ ನಮ್ಮ ಬಾವಿಯಿಂದ ಕೆಳಗೆ ನೀರು ಹೊತ್ತರು. ಮೀಯಿಸಿ ಮುಗಿಯುವವರೆಗೆ ಹೊತ್ತರು.

ಈಗ ಆ ಅಂಗಳಕ್ಕೆ ನಲ್ಲಿ ಬಂದಿದೆ. ಬಾವಿಗೆ ಬಲೆ ಹಾಕಿದ್ದಾರೆ, ಕಟ್ಟೆಯ ನೀಲಿ ಅಕ್ಷರ ಇನ್ನೂ ಹೋಗಿಲ್ಲ. ಮೊನ್ನೆ ಬಸ್ಸಿನಿಂದ ಇಳಿದು ಬಂದವಳು ನಮ್ಮ ಬಾವಿಯ ನೀರು ಸೇದಿ ಕಾಲಿಗೆ ಸುರಿದುಕೊಂಡೆ, ಸಾಬೂನು ಹಾಕಿ ತಿಕ್ಕಿದೆ. ನಾತ ಹೋಯಿತು. ಹಳೆಯ ಅಭ್ಯಾಸಬಲದಲ್ಲಿ ಉಮ್ಮನಿಗೆಂದು ಇನ್ನೊಂದು ಕೊಡಪಾನ ತುಂಬಿಸಿ ನಮ್ಮ ಕಟ್ಟೆಯ ಮೇಲೆ ಇಟ್ಟೆ. ಕತ್ತಲಾಗುವವರೆಗೂ ಅದು ಅಲ್ಲೇ ಇತ್ತು.