ಭತ್ಯೆ ಕೇಳಿದರೆ ಎಂತ ಹೋಗ್ತದೆ?

ಗೆಳೆಯರೇ, ಎಣ್ಣೆಯ ಬೆಲೆ ಜಾರಿತು, ಅದರ ಮೇಲೆ ಕಾಲಿಟ್ಟ, ಕೊಲ್ಲಿ ನಾಡಿನ ನಮ್ಮ ಅಲ್ ಖೋಬರ್ ಊರಿನ ಕಂಪೆನಿಯೂ ಜಾರಿತು. ಹಾಗಾಗಿ ಇವತ್ತು ಮೊದಲ ಸಲ ನಿರುದ್ಯೋಗ ಭತ್ಯೆ ಕೇಳಲು ಹೋದೆ. ಸಲಹೆ ನನ್ನ ರೂಮಿನ ಲಾರೆನ್ಸನದು: "ಲಂಡನ್ನಿನಲ್ಲಿ ಕೆಲಸ ಹೋದವರಿಗೆ ಸರ್ಕಾರವೇ ದುಡ್ಡು ಕೊಡ್ತದಂತೆ ಮಾರಾಯ. ಇಲ್ಲಿಯೂ ಕೇಳು. ಕೇಳಿದರೆ ಎಂತ ಹೋಗ್ತದೆ?"

ಕಾರ್ಮಿಕ ಕಚೇರಿಯ ಸಾಹೇಬರು ಚಹಾ ಕೊಟ್ಟು, ನನ್ನ ವಾಸದ ಪರವಾನಗಿ ಇಕಾಮಾವನ್ನು ಕೈಗೆತ್ತಿಕೊಂಡರು.

"ಕಾಮ್ ನಹೀಂ?"

"ಇಲ್ಲ ಸಾಹೇಬರೇ," ಎಂದೆ, ಆದಷ್ಟು ದೀನನಾಗಿ.

"ಕೆಲಸವಿಲ್ಲದವನಿಗೆ ಇಕಾಮಾ ಯಾಕೆ? ಖಲಾಸ್! ಊರಿಗೆ ಹೋಗು," ಎಂದು ಅದನ್ನು ಡ್ರಾಯರಿಗೆ ಹಾಕಿಬಿಟ್ಟರು.

ಲಾರೆನ್ಸಾ, ಕೇಳಿದರೆ ಇಕಾಮಾ ಹೋಗ್ತದೆ. ಅದರಿಂದ 'ಕಾಮ್' ಕಳೆದರೆ ಉಳಿಯುವುದು ಬರೀ 'ಇ'. ಹಲ್ಲು ಬಿಟ್ಟು ಅಷ್ಟನ್ನೇ ಅಂದು ಹೊರಗೆ ಬಂದೆ.