ಕಂಬಣ್ಣ ಕೂತ ಬುಧವಾರ

ಫರ್ನಿಚರ್ ಅಂಗಡಿಯಲ್ಲಿ ಕೂರೋಕೆ ಜಾಗ ಇಲ್ಲ ಅಂದರೆ ಯಾರಾದರೂ ನಂಬುತ್ತಾರಾ ಹೇಳಿ. ಹನ್ನೊಂದು ಸೋಫಾ, ಆರು ಮಂಚ, ಕುರ್ಚಿಗಳಂತೂ ಎಣಿಸಿದವರೇ ಇಲ್ಲ. ಆದರೂ ಅಲ್ಲಿನ ಸೇಲ್ಸ್‌ಮನ್ ಇಪ್ಪತ್ತೆರಡು ವರ್ಷ ನಿಂತೇ ಕಳೆದ. ಮಾರೋ ಮಾಲಿನ ಮೇಲೆ ಕೆಲಸದವರು ಕೂರಬಾರದು ಅನ್ನೋದು ಯಜಮಾನರ ಮೊದಲ ನಿಯಮ. ಕೂತ ಗಿರಾಕಿಯನ್ನು ಎಬ್ಬಿಸಬಾರದು ಅನ್ನೋದು ಎರಡನೆಯದು. ಬಾಗಿಲ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ನಿಂತೂ ನಿಂತೂ ಅವನಿಗೆ ಕಂಬಣ್ಣ ಅಂತಲೇ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಇದೆ.

ಹೋದ ವರ್ಷ ಅವನ ಮೀನಖಂಡದಲ್ಲಿ ನರ ಉಬ್ಬೋಕೆ ಶುರುವಾಯಿತು. ಡಾಕ್ಟರು ಪ್ಯಾಂಟು ಮೇಲೆತ್ತಿಸಿ ನೋಡಿ, “ವಾರಕ್ಕೆ ಒಂದು ದಿನವಾದರೂ ಕಾಲು ಮೇಲಿಟ್ಟು ಸುಮ್ಮನೆ ಕೂತ್ಕೊಳ್ಳಿ. ಇಲ್ಲಾಂದ್ರೆ ಆರು ತಿಂಗಳಲ್ಲಿ ಆಪರೇಷನ್. ಆಮೇಲೆ ನಿಲ್ಲೋ ಕೆಲಸ ಮರೆತುಬಿಡಿ” ಅಂದರು.

“ನಿಲ್ಲೋದು ಬಿಟ್ಟು ನನಗೆ ಬೇರೆ ಕೆಲಸ ಬರಲ್ಲ ಸಾರ್” ಅಂದ ಕಂಬಣ್ಣ. ತಮಾಷೆಗೆ ಅಂದದ್ದಲ್ಲ, ನಿಜವಾಗಿಯೂ ಹೆದರಿದ್ದ.

ಬುಧವಾರ ವ್ಯಾಪಾರ ಕಡಿಮೆ. ಯಜಮಾನರು ಗೊಣಗಿಕೊಂಡೇ ಆ ದಿನ ರಜೆ ಕೊಟ್ಟರು. ಮೊದಲ ಬುಧವಾರ ಕಂಬಣ್ಣ ಮನೆಯಲ್ಲಿ ಕೂರೋಕೆ ಹೋದ. ಅಲ್ಲೂ ಜಾಗ ಇರಲಿಲ್ಲ. ಅವನ ಹೆಂಡತಿ ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿಕೊಡುತ್ತಾಳೆ. ಕುರ್ಚಿಗಳ ಮೇಲೆ ಗಂಟು, ಮಂಚದ ಮೇಲೆ ಮಡಚಿಟ್ಟ ಶರಟುಗಳು. “ಹೇಗೂ ಮನೇಲಿದ್ದೀರಲ್ಲ” ಅಂತ ಶುರು ಮಾಡಿದಳು ನೋಡಿ, ಪರದೆಯ ಕಂಬಿ ಬಿಗಿ ಮಾಡೋದರಲ್ಲಿ ಮಧ್ಯಾಹ್ನ ಆಯಿತು, ಅಟ್ಟ ಗುಡಿಸೋದರಲ್ಲಿ ಸಂಜೆ ಆಯಿತು. ಮುಂದಿನ ವಾರ ಮತ್ತೆ “ಹೇಗೂ ಮನೇಲಿದ್ದೀರಲ್ಲ.” ಆ ದಿನ ಏಣಿಯ ಮೇಲೆ ನಿಂತು ಸುಣ್ಣ ಬಳಿದ. ರಜೆ ಅಂದರೆ ಇದೇನಾ? ಕಾಲು ಇನ್ನಷ್ಟು ಊದಿತು.

ಮೂರನೇ ಬುಧವಾರ ಬೆಳಿಗ್ಗೆ ಅವನು ಒಳ್ಳೆ ಶರಟು ಹಾಕಿಕೊಂಡು ಸೀದಾ ಅಂಗಡಿಗೇ ಹೋದ.

“ಏನಯ್ಯಾ, ಇವತ್ತು ರಜೆ ಅಲ್ವಾ?” ಅಂದರು ಯಜಮಾನರು.

“ಹೌದು ಸಾರ್. ಸೋಫಾ ನೋಡೋಣ ಅಂತ ಬಂದೆ.”

“ನೀನಾ?”

“ನಮ್ಮ ಮನೇಲಿ ಸೋಫಾ ಇಲ್ಲವಲ್ಲ ಸಾರ್.”

ಯಜಮಾನರು ಬಾಯಿ ತೆರೆದರು. ಅಷ್ಟರಲ್ಲಿ ಬೇರೆ ಗಿರಾಕಿಗಳು ಒಳಗೆ ಬಂದದ್ದು ನೋಡಿ ಮುಚ್ಚಿಕೊಂಡರು. ಕಂಬಣ್ಣ ಕಂದು ಬಣ್ಣದ ಮೂರು ಸೀಟಿನ ಸೋಫಾದಲ್ಲಿ ಕೂತು, ಕಾಲುಮಣೆಯ ಮೇಲೆ ಕಾಲು ಚಾಚಿದ. ಈ ಸೋಫಾ ತುಂಬಾ ಮೆತ್ತಗಿದೆ ಅಂತ ಸಾವಿರ ಸಲ ಹೇಳಿದ್ದ ಪುಣ್ಯಾತ್ಮ. ಅದು ಸುಳ್ಳಲ್ಲ ಅಂತ ಅವತ್ತು ಗೊತ್ತಾಯಿತು. ಒಂದು ಗಂಟೆ ಕೂತ. ಎರಡು ಗಂಟೆ ಕೂತ. ಹಾಯೆನ್ನಿಸಿತು.

ಊಟದ ಹೊತ್ತಿಗೆ ಗಾಜಿನ ಬಾಗಿಲು ದಡಕ್ಕನೆ ತೆರೆಯಿತು. ಹೆಂಡತಿ! ಕಂಕುಳಲ್ಲಿ ದೊಡ್ಡ ಬಟ್ಟೆ ಗಂಟು. ಆಚೆ ಬೀದಿಯ ಹಾಸ್ಟೆಲಿನಿಂದ ಶರಟು ತರುತ್ತಿದ್ದವಳ ಕಣ್ಣಿಗೆ ಗಾಜಿನಾಚೆ ಈ ವೈಭವ ಬಿದ್ದಿತ್ತು.

“ರೀ, ಏನಿದು ನಿಮ್ಮ ಅವತಾರ? ಮನೇಲಿ ನಲ್ಲಿ ಸೋರ್ತಾ ಇದೆ, ಇಲ್ಲಿ ಮಹಾರಾಜರ ಹಾಗೆ ಕೂತಿದ್ದೀರಾ!”

“ಡಾಕ್ಟರ್ ಹೇಳಿದ್ದಾರೆ ಕಣೇ. ಕಾಲು ಮೇಲಿಟ್ಟು ಕೂರದಿದ್ರೆ ಆಪರೇಷನ್ ಅಂತೆ.”

“ಗೊತ್ತು. ನನಗೂ ಅದೇ ಹೇಳಿದ್ರು.”

“ಯಾವಾಗ?”

“ಮೂರು ವರ್ಷ ಆಯ್ತು.”

ಕಂಬಣ್ಣ ಅವಳ ಕಾಲು ನೋಡಿದ. ಹಿಮ್ಮಡಿಯ ಮೇಲೆ ನೀಲಿ ನರ ಗಂಟುಗಂಟಾಗಿ ಎದ್ದಿತ್ತು. ಒಂದೇ ಮನೆಯಲ್ಲಿದ್ದುಕೊಂಡು ಇದು ಕಾಣಲಿಲ್ಲವಲ್ಲ ಅಂತ ಅವನಿಗೆ ನಾಚಿಕೆಯಾಯಿತು.

“ಹೇಳೋದಲ್ವಾ?”

“ಹೇಳಿದ್ರೆ? ಶರಟಿಗೆ ತಾನಾಗೇ ಇಸ್ತ್ರಿ ಬೀಳುತ್ತಾ?”

“ಎರಡು ನಿಮಿಷ ಕೂತ್ಕೋ.”

“ಸಂಜೆಯೊಳಗೆ ನಲವತ್ತು ಶರಟು ಕೊಡಬೇಕು ರೀ.”

ಆದರೂ ಅಂಚಿಗೆ ಕೂತಳು. ಆಮೇಲೆ ಸ್ವಲ್ಪ ಹಿಂದಕ್ಕೆ ಸರಿದಳು. ನಲ್ಲಿಯ ವಾಷರ್ ಬಗ್ಗೆ ಏನೋ ಹೇಳುತ್ತಾ ಹೇಳುತ್ತಾ ಮಾತಿನ ಮಧ್ಯದಲ್ಲೇ ನಿದ್ದೆ ಹೋದಳು. ಕಂಬಣ್ಣ ಮೆಲ್ಲಗೆ ಎದ್ದು, ಅವಳ ಕಾಲೆತ್ತಿ ಮಣೆಯ ಮೇಲಿಟ್ಟ.

ಯಜಮಾನರು ಬಂದು ಪಿಸುಗುಟ್ಟಿದರು: “ಇವರು ಯಾರು?”

“ಗಿರಾಕಿ ಸಾರ್.”

“ಕೊಳ್ತಾರಾ?”

“ನೋಡ್ತಾ ಇದ್ದಾರೆ ಸಾರ್.”

ಆಕೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಯಜಮಾನರು ಅವಳ ಕಾಲನ್ನೂ ಇವನ ಮುಖವನ್ನೂ ನೋಡಿ, “ಎಬ್ಬಿಸು” ಅಂದರು.

“ಎಬ್ಬಿಸಲ್ಲ ಸಾರ್.”

ಇಪ್ಪತ್ತೆರಡು ವರ್ಷದಲ್ಲಿ ಅವನು ಅವರಿಗೆ ಎದುರಾಡಿದ್ದು ಅದೇ ಮೊದಲು. ಯಜಮಾನರು ಮಂಚ ನೋಡುತ್ತಿದ್ದವರ ಕಡೆ ಹೋದರು. ಕಂಬಣ್ಣ ಗಂಟು ಎತ್ತಿಕೊಂಡು ಮನೆಗೆ ಹೊರಟ.

ಐದು ಗಂಟೆಗೆ ಅವಳು ಏದುಸಿರು ಬಿಡುತ್ತಾ ಓಡಿ ಬಂದಾಗ ಗಂಡ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದ. ಹನ್ನೊಂದು ಶರಟು ಆಗಿತ್ತು. ಅದರಲ್ಲಿ ಎರಡರ ಕಾಲರ್ ಸುಟ್ಟಿತ್ತು.

“ಅಯ್ಯೋ, ನಿಮ್ಮ ಕಾಲು!” ಅಂದಳು.

“ನಿನ್ನದು?” ಅಂದ.

ಅವಳು ಸುಟ್ಟ ಕಾಲರ್ ನೋಡಿದಳು, ಉಳಿದ ಇಪ್ಪತ್ತೊಂಬತ್ತು ಶರಟು ನೋಡಿದಳು, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ಇಬ್ಬರೂ ನೆಲದ ಮೇಲೆ ಅಂಗಾತ ಮಲಗಿ ನಾಲ್ಕು ಕಾಲನ್ನೂ ಗೋಡೆಗೆ ಆನಿಸಿದರು.

ಆರು ಗಂಟೆಗೆ ಹಾಸ್ಟೆಲಿನವರು ಬಂದು ಬಾಗಿಲು ಬಡಿದರು. ಕಂಬಣ್ಣ ಗಡಬಡಿಸಿ ಏಳೋಕೆ ಹೋದ. ಅವಳು ಅವನ ತೋಳು ಹಿಡಿದು, ಮಲಗಿದಲ್ಲಿಂದಲೇ ಗಟ್ಟಿಯಾಗಿ ಕೂಗಿದಳು: “ಇವತ್ತು ರಜಾ!”