ಎರಡರಿಂದ ಐದಕ್ಕೆ

ಮಲ್ಲೇಶನ ಕೈಯಲ್ಲಿ ಆಟವಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಹೇಳುವ ಹೊತ್ತಿಗೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಬಾಯಿ ತಪ್ಪಿ ಬಂದ ಮಾತಲ್ಲ, ಸಿಟ್ಟಿನಲ್ಲಿ ಆಡಿದ್ದೂ ಅಲ್ಲ — ಎದುರಿಗೆ ಕೂತವರ ಮುಖ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದ್ದು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ನಾನು ಧಾರವಾಡದಲ್ಲಿ ಹುಡುಗರಿಗೆ ಹಾಕಿ ಕಲಿಸುತ್ತಿದ್ದವನು. ಅಂಗಡಿ ಸರ ಎಂದರೆ ಹುಬ್ಬಳ್ಳಿ, ಧಾರವಾಡ ಎರಡೂ ಊರಿನ ಮೈದಾನಗಳಲ್ಲಿ ಗುರುತಿತ್ತು. ಹುಡುಗ ಹತ್ತು ಹೆಜ್ಜೆ ಓಡಿದರೆ ಸಾಕು, ಅವನು ಎಲ್ಲಿಯವರೆಗೆ ಮುಟ್ಟುತ್ತಾನೆಂದು ಅಂಗಡಿ ಸರ ಹೇಳಿಬಿಡುತ್ತಾರೆ ಎಂದು ಜನ ಅನ್ನುತ್ತಿದ್ದರು. ಕೇಳಿಯೂ ಕೇಳದವನಂತೆ ಇದ್ದು, ಒಳಗೊಳಗೇ ಉಬ್ಬುತ್ತಿದ್ದೆ. ಆ ಹೊಗಳಿಕೆ ಇಲ್ಲದೆ ನನಗೆ ಬದುಕಲಿಕ್ಕೆ ಬರುತ್ತಿರಲಿಲ್ಲವೋ ಏನೋ.

ಶಿರಗುಪ್ಪಿಯ ಮಲ್ಲೇಶ ಮೊದಲು ಬಂದದ್ದು ನನ್ನ ಹತ್ತಿರವೇ. ಆಗ ಅವನಿಗೆ ಹನ್ನೆರಡೋ ಹದಿಮೂರೋ ವರ್ಷ. ಕಾಲು ಸಣ್ಣವು, ಓಟ ಅಡ್ಡಾದಿಡ್ಡಿ. ಒಂದು ವಾರ ನೋಡಿ, ಆಗುವುದಿಲ್ಲವೆಂದು ಕಳಿಸಿಬಿಟ್ಟೆ. ಅವನನ್ನು ಕರೆದು ಕಲಿಸಿದವನು ಹುಬ್ಬಳ್ಳಿಯ ಹಿರೇಮಠ. ಹಿರೇಮಠ ನನ್ನ ಗೆಳೆಯ. ಗೆಳೆಯ ಎಂದು ಬರೆಯಲು ಈಗ ಕೈ ಹಿಂಜರಿಯುತ್ತದೆ — ಅವನ ಕಡೆಯಿಂದ ಆ ಮಾತು ನಿಜವಾಗಿತ್ತು, ಅಷ್ಟು ಹೇಳಬಲ್ಲೆ. ಐದು ವರ್ಷದಲ್ಲಿ ಮಲ್ಲೇಶ ಎಂಥ ಆಟಗಾರನಾದನೆಂದರೆ, ಚೆಂಡು ಅವನ ಸ್ಟಿಕ್ಕಿಗೆ ಬಂದರೆ ಆಚೆ ದಂಡೆಯಲ್ಲಿ ನಿಂತು ಹರಟುತ್ತಿದ್ದವರೂ ಮಾತು ನಿಲ್ಲಿಸುತ್ತಿದ್ದರು. ನಾನು ಮಾತ್ರ ಬೇರೆ ಕಡೆ ನೋಡುತ್ತಿದ್ದೆ.

ಆ ವರ್ಷ ಲೀಗ್ ಆಡುವ ಒಂದು ವೃತ್ತಿಪರ ತಂಡದವರು ನಮ್ಮ ಭಾಗದ ಎಳೆಯ ಆಟಗಾರರನ್ನು ಕೇಳಿದರು. ಮೂರು ದಿನದ ಶಿಬಿರ, ಎಂಟು ಹುಡುಗರು. ಒಂದರಿಂದ ಎಂಟರವರೆಗೆ ಕ್ರಮ ಹಾಕಿ ಕೊಡಬೇಕು, ಮೇಲಿನ ಇಬ್ಬರನ್ನು ಅವರು ತಂಡದ ಜೊತೆ ಅಭ್ಯಾಸಕ್ಕೆ ಒಯ್ಯುತ್ತಾರೆ. ಕ್ರಮ ಹಾಕುವವರು ನಾನು, ಹಿರೇಮಠ ಮತ್ತು ಪೀಟರ್. ಪೀಟರ್ ಹಳೆಯ ಗೋಲ್‌ಕೀಪರ್, ನೇರ ಮನುಷ್ಯ. ಆದರೆ ಈ ಹುಡುಗರನ್ನು ಅದಕ್ಕೂ ಮುಂಚೆ ನೋಡಿದವನಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ಹೆಸರುಗಳನ್ನು ಚೀಟಿಯಲ್ಲಿ ಬರೆದು ಟೇಬಲ್ಲಿನ ಮೇಲೆ ಒಂದರ ಕೆಳಗೊಂದು ಇಡುವುದು, ವಾದ ಮಾಡುತ್ತ ಮೇಲೆ ಕೆಳಗೆ ಸರಿಸುವುದು. ಆದರೆ ತಾನು ಕಲಿಸಿದ ಹುಡುಗನ ಚೀಟಿಯನ್ನು ತಾನು ಮುಟ್ಟಬಾರದು, ಅವನ ಬಗ್ಗೆ ಒಂದು ಮಾತೂ ಆಡಬಾರದು. ಈ ಪದ್ಧತಿಯನ್ನು ಹಟ ಹಿಡಿದು ತಂದವನು ನಾನೇ. ನ್ಯಾಯಕ್ಕಾಗಿ ಎಂದು ಹೇಳಿಕೊಂಡು ತಿರುಗಿದ್ದೆ. ಹಿರೇಮಠ ಅದನ್ನು ದೇವರ ಮುಂದಿನ ಆಣೆಯಂತೆ ಪಾಲಿಸುತ್ತಿದ್ದ.

ಎರಡನೆಯ ದಿನ ಬೆಳಿಗ್ಗೆ ಮಲ್ಲೇಶ ನನ್ನ ಹತ್ತಿರ ಬಂದ. ಎಡಗೈಯ ಹೆಬ್ಬೆರಳು ಬಾತು ಬದನೆಕಾಯಿ ಆಗಿತ್ತು. ಹಿಂದಿನ ದಿನ ಬಿದ್ದಿದ್ದನಂತೆ.

"ಹಿರೇಮಠ ಸರಗ ಹೇಳಬ್ಯಾಡ್ರಿ ಸರ. ಗೊತ್ತಾದ್ರ ಆಡಾಕ ಬಿಡಂಗಿಲ್ಲ ಅವರು," ಅಂದ.

ಆಟ ಗೊತ್ತಿಲ್ಲದವರಿಗೂ ಇದು ತಿಳಿಯಬೇಕು — ಸ್ಟಿಕ್ಕನ್ನು ತಿರುಗಿಸುವುದು ಎಡಗೈ. ಆ ಹೆಬ್ಬೆರಳು ಹೋದರೆ ಎಂಥವನ ಸ್ಟಿಕ್ಕಿನಿಂದಲೂ ಚೆಂಡು ಜಾರುತ್ತದೆ. ನಾನೇ ಪಟ್ಟಿ ಸುತ್ತಿದೆ, ಮೇಲೆ ಗ್ಲೌಸ್ ಹಾಕಿಸಿದೆ, ಯಾರ ಮುಂದೆಯೂ ಅನ್ನಬೇಡ ಎಂದೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇರಲಿಲ್ಲ ಅನ್ನಿಸುತ್ತದೆ — ಈಗ ಅದನ್ನೂ ಆಣೆ ಮಾಡಿ ಹೇಳಲಾರೆ.

ಮೂರನೆಯ ದಿನ ಮಧ್ಯಾಹ್ನ ಮೈದಾನದ ಪಕ್ಕದ ಕೋಣೆಯಲ್ಲಿ ಕೂತೆವು. ಮೊದಲ ಚೀಟಿಯ ಬಗ್ಗೆ ವಾದವೇ ಇರಲಿಲ್ಲ. ಜಗ್ಗಾಟವೆಲ್ಲ ಎರಡನೆಯದಕ್ಕೆ: ಹಿರೇಮಠನ ಮಲ್ಲೇಶನೋ, ನಾನು ಕಲಿಸಿದ ವಿನಾಯಕನೋ. ಮಲ್ಲೇಶನ ಚೀಟಿ ಎರಡರಲ್ಲಿತ್ತು, ವಿನಾಯಕನದು ಮೂರರಲ್ಲಿ. ವಿನಾಯಕನ ಮಾತು ಬಂದಾಗ ಪದ್ಧತಿಯಂತೆ ನಾನು ಸುಮ್ಮನಾದೆ. ಹಿರೇಮಠ ಅವನನ್ನು ಬಾಯಿತುಂಬ ಹೊಗಳಿದ.

"ಛಲೋ ಹುಡುಗ. ದಮ್ಮೈತಿ. ಇವತ್ತಿನ ಆಟಕ್ಕ ನಂಬರ್ ಕೊಡಬ್ಯಾಡ್ರಿ, ಎರಡ ವರ್ಷದ ಮ್ಯಾಲ ಎಲ್ಲಿರತಾನ ಅದಕ್ಕ ಕೊಡ್ರಿ. ಇವ ಮುಂದ ಬರತಾನ," ಅಂದ.

ನನ್ನ ಹುಡುಗನಿಗೆ ಅಷ್ಟು ದೊಡ್ಡ ಮನಸ್ಸಿನಿಂದ ನಾನೇ ಹೇಳುತ್ತಿರಲಿಲ್ಲವೇನೋ. ಆಮೇಲೆ ಮಲ್ಲೇಶನ ಸರದಿ. ಈಗ ಬಾಯಿ ಮುಚ್ಚಬೇಕಾದವನು ಹಿರೇಮಠ. ಪೀಟರ್ ನನ್ನ ಕಡೆ ತಿರುಗಿದ.

"ಅಂಗಡಿಯವರ, ಎರಡ ದಿನದಿಂದ ಇವನ ಸ್ಟಿಕ್ಕಿನಿಂದ ಬಾಲ್ ಜಾರಾಕತ್ತೈತಿ. ಏನರ ಆಗೈತೇನು ಕೈಗೆ? ಇಲ್ಲಾ ಇವನ ಆಟನ ಇಷ್ಟೋ? ಅಂವ ಸಣ್ಣಾಂವ ಇದ್ದಾಗಿಂದ ನೀವು ನೋಡೀರಿ."

ಒಂದೇ ಒಂದು ಮಾತು ಸಾಕಿತ್ತು. ಬೆರಳು ಬಾತಿದೆ, ಅಷ್ಟೇ. ನಾನೇ ಪಟ್ಟಿ ಕಟ್ಟಿದ್ದೇನೆ. ಆದರೆ ಆ ಮಾತು ಆಡಿದರೆ ಮಲ್ಲೇಶ ಎರಡರಲ್ಲೇ ಉಳಿಯುತ್ತಿದ್ದ, ದೊಡ್ಡ ತಂಡಕ್ಕೆ ಹೋಗುತ್ತಿದ್ದ, ನಾನು ಮನೆಗೆ ಕಳಿಸಿದ ಹುಡುಗನನ್ನು ಹಿರೇಮಠ ಬೆಳೆಸಿದ ಎಂದು ಊರೆಲ್ಲ ಅನ್ನುತ್ತಿತ್ತು. ವಿನಾಯಕನಿಗಾಗಿ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳು. ನನ್ನ ಕಣ್ಣು ತಪ್ಪಿತ್ತು ಎಂದು ಗೊತ್ತಾಗಬಾರದಿತ್ತು — ಅಷ್ಟೇ.

"ಇವನ ಆಟನ ಇಷ್ಟ್ರಿ. ಓಟ ಐತಿ, ಕೈಯಾಗ ಆಟ ಇಲ್ಲ," ಅಂದೆ.

ಹಿರೇಮಠ ಕುರ್ಚಿಯಲ್ಲಿ ಮುಂದೆ ಬಾಗಿದ. ಬಾಯಿ ತೆರೆದ. ಪದ್ಧತಿ ನೆನಪಾಗಿರಬೇಕು, ಮುಚ್ಚಿದ. ನಾನು ಮಲ್ಲೇಶನ ಚೀಟಿಯ ಮೇಲೆ ಬೆರಳಿಟ್ಟು ಎರಡರಿಂದ ಐದಕ್ಕೆ ಎಳೆದೆ. ಪೀಟರ್ ತಲೆಯಾಡಿಸಿದ.

ಹೆಸರು ಓದಿದ ಮೇಲೆ ಮಲ್ಲೇಶ ಗೇಟಿನ ಹತ್ತಿರ ನನ್ನನ್ನು ಹಿಡಿದ. "ಸರ, ನಾ ಎಲ್ಲಿ ಕಡಿಮಿ ಬಿದ್ನಿರಿ? ಬೆರಳಿಂದ ಹಿಂಗಾತೇನ್ರಿ?" ಎಂದು ಕೇಳಿದ. ಅಲ್ಲಿಯಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಭುಜದ ಮೇಲೆ ಕೈಯಿಟ್ಟೆ — ಆ ಕೈ ನೆನೆದರೆ ಈಗಲೂ ಅಸಹ್ಯವಾಗುತ್ತದೆ — "ಬೆರಳು ಅಲ್ಲ ತಮ್ಮಾ. ನಿನ್ನ ಕೈಯಾಗ ಆಟ ಇಲ್ಲ. ಲಗೂ ತಿಳಿದದ್ದು ಛಲೋ ಆತು," ಎಂದೆ. ಅವನು ನಂಬಿದ. ಅಂಗಡಿ ಸರ ಹೇಳಿದ ಮೇಲೆ ನಂಬದೆ ಇರುವುದು ಹೇಗೆ?

ಮರುವರ್ಷ ಇನ್ನೊಂದು ಕಡೆ ಆಯ್ಕೆಯಿತ್ತು. ಮಲ್ಲೇಶ ಬರಲೊಲ್ಲೆ ಎಂದನಂತೆ. ಹಿರೇಮಠ ನನ್ನ ಮನೆಗೆ ಬಂದು, "ನೀ ಒಂದ ಮಾತ ಹೇಳೋ ಅಂಗಡಿ. ನಿನ್ನ ಮಾತು ಕೇಳತಾನ ಅಂವ. ನನ್ನ ಮಾತು ಕೇಳವಲ್ಲ," ಎಂದು ಅಂಗಲಾಚಿದ. ಹೇಳುತ್ತೇನೆ ಎಂದೆ. ಚಹಾ ಕುಡಿಸಿ ಕಳಿಸಿದೆ. ಶಿರಗುಪ್ಪಿಯ ದಾರಿ ಹಿಡಿಯಲಿಲ್ಲ. ಮೊದಲನೆಯ ತಪ್ಪು ಒಂದು ಗಳಿಗೆಯದು; ಈ ಎರಡನೆಯದನ್ನು ಮಾಡಲು ಆಯ್ಕೆಯ ದಿನದವರೆಗೆ ನನಗೆ ಪೂರ್ತಿ ಹದಿನೈದು ದಿನ ಸಿಕ್ಕಿತ್ತು. ಹಿರೇಮಠ ಈಗಿಲ್ಲ. ತೀರಿಕೊಳ್ಳುವವರೆಗೂ ನಾನು ಹೋಗಿ ಹೇಳಿ ಬಂದೆನೆಂದೇ ತಿಳಿದಿದ್ದ. ವಿನಾಯಕ ಎರಡು ವರ್ಷ ಆ ತಂಡದ ಜೊತೆ ಇದ್ದು, ಹೆಚ್ಚೇನೂ ಆಡದೆ ಬಂದ. ಅವನ ತಪ್ಪೇನೂ ಇಲ್ಲ.

ನಿವೃತ್ತಿಯಾದ ಮೇಲೆ ನಾನು ಅಮರಗೋಳದ ಮಾರುಕಟ್ಟೆಯಲ್ಲಿ ಅಣ್ಣನ ಕಾಳಿನ ಅಂಗಡಿಯಲ್ಲಿ ಕೂರುತ್ತೇನೆ. ಹೋದ ವರ್ಷ ಹೆಸರುಕಾಳಿನ ಚೀಲ ಹೇರಿಕೊಂಡ ಒಂದು ಗಾಡಿ ಬಂದು ನಿಂತಿತು. ಓಡಿಸುತ್ತಿದ್ದವನು ಇಳಿದು ನೇರ ಬಂದು ಕಾಲು ಮುಟ್ಟಿದ. ಮಲ್ಲೇಶ. ಗಾಡಿ ಅವನದೇ ಅಂತೆ, ಊರಿನವರ ಮಾಲು ತರುತ್ತಾನಂತೆ. ಅಣ್ಣನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ:

"ನನಗ ಖರೇ ಹೇಳಿದವರು ಇವರೊಬ್ಬರ ನೋಡ್ರಿ ಕಾಕಾ. ಇಲ್ಲಂದ್ರ ಇನ್ನೂ ಸ್ಟಿಕ್ ಹಿಡಕೊಂಡು ಹಾಳಾಗತಿದ್ನಿ. ನನ್ನ ತಮ್ಮ ಈರಣ್ಣಗೂ ಅದ ಹುಚ್ಚು ಇತ್ರಿ. ಟೀಮಿನವರು ಕರೆಯಾಕ ಮನಿಗೇ ಬಂದಿದ್ರು. ನಾನ ಬಿಡಿಸಿದ್ನಿ. ಸರ ನನಗ ಹೇಳಿಧಂಗ ಅವಗ ಹೇಳಿದ್ನಿ — ನಮ್ಮ ಮನಿತನದ ಕೈಯಾಗ ಆಟ ಇಲ್ಲೋ, ಬಿಡು ಅಂತ."

ನಾನು ನಕ್ಕೆ. ಹೌದು, ನಕ್ಕೆ. ಅವನು ಹೋದ ಮೇಲೆ ಅಣ್ಣ ಏನೋ ಕೇಳಿದ, ನನಗೆ ಕೇಳಿಸಲಿಲ್ಲ. ಒಬ್ಬನ ಜೀವನ ಕೆಡಿಸಿದ್ದೇನೆ ಎಂದು ತಿಳಿದು ಹೇಗೋ ದಿನ ನೂಕುತ್ತಿದ್ದೆ. ನಾನು ಕಣ್ಣಿಂದ ಕೂಡ ನೋಡದ ಇನ್ನೊಬ್ಬ ಹುಡುಗನವರೆಗೆ ಅದು ಹೋಗಿದೆ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ.

ವಾರದ ಮೇಲೆ ಶಿರಗುಪ್ಪಿಗೆ ಹೋದೆ. ಮಲ್ಲೇಶ ಮನೆಯ ಮುಂದೆ ಗಾಡಿ ತೊಳೆಯುತ್ತಿದ್ದ. ಒಳಗೆ ಬರ್ರಿ ಎಂದ. ಬೇಡ, ಇಲ್ಲೇ ನಿಂತು ಹೇಳುತ್ತೇನೆ ಎಂದು ಎಲ್ಲವನ್ನೂ ಹೇಳಿದೆ — ಪೀಟರ್ ಕೇಳಿದ್ದು, ನಾನು ಹೇಳಿದ್ದು, ಚೀಟಿ ಸರಿಸಿದ್ದು, ಹಿರೇಮಠನಿಗೆ ಕೊಟ್ಟ ಮಾತು ತಪ್ಪಿದ್ದು. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೊಡೆಯಲಿ ಎಂಬ ಆಸೆಯೇ ಇತ್ತು.

ಅವನು ನೀರಿನ ಪೈಪು ಬಂದ್ ಮಾಡಿ ಬಂದ.

"ನಂದು ಬಿಡ್ರಿ ಸರ. ನಂದು ಆಗಿ ಹೋತು. ಬರಲಾರದ್ದಕ್ಕ ಯಾಕ ಅಳೂದು ಅಂತ ಆರಾಮ ಇದ್ನಿ," ಅಂದ. ಆಮೇಲೆ ದನಿ ಒಡೆಯಿತು. "ನನ್ನ ತಮ್ಮಗ ಏನ್ ಹೇಳ್ಲಿರಿ ನಾನು? ಆರು ತಿಂಗಳ ನನ್ನ ಜೋಡಿ ಮಾತ ಬಿಟ್ಟಿದ್ದ ಅಂವ. ಅವನ ಸ್ಟಿಕ್ ನಾನ ಮುರದ್ನಿರಿ, ಅವನ ಕಣ್ಣ ಮುಂದ."

ಹಗುರಾಗಬೇಕೆಂದು ಹೋದವನು ನಾನು. ಹಗುರಾದೆನೋ ಇಲ್ಲವೋ ಗೊತ್ತಿಲ್ಲ, ಅವನ ಮೇಲೆ ಹೊರಿಸಿ ಬಂದದ್ದಂತೂ ಖರೆ. ಅಂದಿನವರೆಗೆ ಅವನು ತಮ್ಮನಿಗೆ ಒಳ್ಳೆಯದು ಮಾಡಿದ ಅಣ್ಣನಾಗಿದ್ದ. ನಾನು ಅಲ್ಲಿಂದ ಹೊರಡುವ ಹೊತ್ತಿಗೆ ಅವನೂ ನನ್ನಂಥವನೇ ಆಗಿದ್ದ — ಇಲ್ಲ, ತಪ್ಪು ಬರೆದೆ. ಅವನು ನಂಬಿ ಹೇಳಿದ್ದ, ನಾನು ಗೊತ್ತಿದ್ದೂ ಹೇಳಿದ್ದೆ. ಆದರೆ ಆಟ ಕಳೆದುಕೊಂಡ ಈರಣ್ಣನಿಗೆ ಆ ವ್ಯತ್ಯಾಸ ಎಷ್ಟರದು?

ಮೊನ್ನೆ ಫೋನ್ ಮಾಡಿದೆ. ಈರಣ್ಣನಿಗೆ ಹೇಳಿದೆಯಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದ. ದಿನಾ ಒಂದೇ ತಾಟಿನ ಮುಂದೆ ಕೂರುತ್ತಾರಂತೆ, ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯುತ್ತದಂತೆ. ಆ ಉಳಿಯುವಿಕೆ ನನಗೆ ಚೆನ್ನಾಗಿ ಗೊತ್ತು. ನಾನೇ ಬಂದು ಹೇಳುತ್ತೇನೆ, ತಪ್ಪು ನನ್ನದು ಎಂದೆ.

"ಬ್ಯಾಡ್ರಿ ಸರ," ಅಂದ ಮಲ್ಲೇಶ. "ಅವಗ ಹೇಳಿದ ಬಾಯಿ ನಂದು."